ತಪ್ಪಿಲ್ಲದ ತಿದ್ದುಪಡಿ

ನಾನು ಬರೆದ ಸುದ್ದಿಗಳನ್ನು ಕತ್ತರಿಸಿ ಅಂಟಿಸಿಟ್ಟ ಫೈಲಿನಲ್ಲಿ ನಾಲ್ಕೇ ಸಾಲಿನ ಒಂದು ತುಣುಕಿದೆ. ಒಳಪುಟವೊಂದರ ತಳದಲ್ಲಿ, ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ ಬಂದದ್ದು. ಮೇಲೆ ‘ತಿದ್ದುಪಡಿ’ ಎಂದಿದೆ. ಅದರಲ್ಲಿ ಸುಳ್ಳಿಲ್ಲ, ಉತ್ಪ್ರೇಕ್ಷೆಯಿಲ್ಲ, ಒಂದಕ್ಷರದ ತಪ್ಪೂ ಇಲ್ಲ. ಇಷ್ಟು ವರ್ಷ ತಾಲ್ಲೂಕು ವರದಿಗಾರನಾಗಿ ಬರೆದದ್ದರಲ್ಲಿ ಇವತ್ತಿಗೂ ನನ್ನನ್ನು ನಾಚಿಸುವುದು ಅದೇ.

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಆಗ ಬರೆದ ಸುದ್ದಿಯಲ್ಲೂ ಇರಲಿಲ್ಲ. ಹೆಸರು ಹೇಳದೆಯೇ ಒಬ್ಬರನ್ನು ಊರಿನ ನಡುವೆ ನಿಲ್ಲಿಸಬಹುದು ಎಂಬುದು ನನಗೆ ಗೊತ್ತಾದದ್ದು ಆ ಸುದ್ದಿಯಿಂದ. ಆದ್ದರಿಂದ ಈ ಸಲ ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಾನು ಮಾಡಿದ್ದನ್ನು ಮಾತ್ರ ಬದಲಿಸಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ನಂಜನಗೂಡಿನಲ್ಲಿದ್ದೆ. ತಿ. ನರಸೀಪುರದ ವರದಿಗಾರ ಕೆಲಸ ಬಿಟ್ಟಿದ್ದರಿಂದ ಆ ತಾಲ್ಲೂಕೂ ನನ್ನ ತಲೆಗೇ ಬಂದಿತ್ತು. ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತರೆ ಅರ್ಧ ಸುದ್ದಿ ಅಲ್ಲಿಗೇ ನಡೆದು ಬರುತ್ತಿತ್ತು. ಹಾಗೆ ಬರುವವರಲ್ಲಿ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವವನೊಬ್ಬನಿದ್ದ. ನರಸೀಪುರದ ಕಡೆಯ ಹಳ್ಳಿಯವನು. ಪಾಳಿ ಮುಗಿಸಿ ಊರಿನ ಬಸ್ಸು ಹತ್ತುವ ಮೊದಲು ನನ್ನ ಮೇಜಿಗೆ ಬಂದು ಕೂರುತ್ತಿದ್ದ.

“ಸಾ, ನಮ್ಮೂರಲ್ಲಿ ಒಂದ್ ಇಸ್ಯ ಆಗದೆ. ಪೇಪರಲ್ಲಿ ಬಂದ್ರೆ ಜನ ಕಿತ್ಕಂಡ್ ಓದ್ತರೆ ಕಣ್ಸಾ.”

“ನಿಮ್ಮೂರಲ್ಲಿ ಕೋಳಿ ಮೊಟ್ಟೆ ಇಟ್ರೂ ಜನ ಕಿತ್ಕೊಂಡು ಓದಬೇಕು ನಿಂಗೆ. ಹೇಳು.”

“ತಮಾಸೆ ಬ್ಯಾಡಿ ಸಾ. ನಮ್ ದಾಯಾದಿ ಮನೇಲಿ ಕೂಸು ಸತ್ತೇ ಉಟ್ತು. ಮೈಸೂರಲ್ಲಿ ಒಂದ್ ಆಸ್ಪತ್ರೇಲಿ. ಮೊನ್ನೆ ಮಣ್ ಮಾಡುದ್ರು, ನಾನೂ ಓಗಿದ್ದೆ. ಕಣ್ಣೇ ಇರ್ನಿಲ್ಲ ಸಾ ಅದ್ಕೆ. ರೆಪ್ಪೆ ಒಳಿಕ್ಕೆ ಓಗ್ಬುಟ್ಟಿತ್ತು. ಅತ್ತಿ ಮಡಗವ್ರೆ ಒಳಗೆ.”

ನಾನು ಕಾಫಿ ಲೋಟ ಕೆಳಗಿಟ್ಟೆ.

ಅವನು ಹೇಳಿದ ಮನೆ ಲಿಂಗವಂತರದು. ಹೆಂಗಸಿಗೆ ಎಂಟು ತಿಂಗಳು ತುಂಬಿದಾಗ ಹೊಟ್ಟೆಯೊಳಗಿನ ಮಗುವಿನ ಹೆಸರಿನಲ್ಲೇ ಒಂದು ಲಿಂಗವನ್ನು ತಾಯಿಗೆ ಕಟ್ಟುವ ಪದ್ಧತಿ ಆ ಮನೆಯಲ್ಲಿತ್ತು. ಮಗು ಹುಟ್ಟಿದ ಮೇಲೆ ಅದೇ ಲಿಂಗ ಅದರ ಕೊರಳಿಗೆ. ಈ ಮಗು ಸತ್ತು ಹುಟ್ಟಿದ್ದರಿಂದ ಮನೆಯ ಹಿರಿಯ, ಮಗುವಿನ ತಾತ, ಆ ಲಿಂಗವನ್ನು ಅದರ ಪುಟ್ಟ ಅಂಗೈಯಲ್ಲಿಟ್ಟು, ಅಂಗೈಯನ್ನು ಮುಖಕ್ಕೆ ಎದುರಾಗಿ ಇರಿಸಿ, ತಮ್ಮ ಹೊಲದ ಅಂಚಿನಲ್ಲಿ ಮಣ್ಣು ಮಾಡಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸಿ ನೋಡುವುದೇ ಅವರ ಪೂಜೆ. ಆಮೇಲೆ ಯಾರೋ ಪಿಸುಗುಟ್ಟಿದ್ದು ಅವರ ಕಿವಿಗೆ ಬಿತ್ತು: ನೋಡುವುದಕ್ಕೆ ಮಗುವಿಗೆ ಕಣ್ಣೇ ಇರಲಿಲ್ಲ.

ಹೋಟೆಲಿನಲ್ಲಿ ಕೂತೇ ಆ ಹಿರಿಯರಿಗೆ ಫೋನ್ ಮಾಡಿದೆ.

“ನಮ್ಮುನ್ನ ಯಾರೂ ಕೇಳ್ನಿಲ್ಲ ಕಣಪ್ಪ,” ಎಂದರು. “ಮಗನ್ನ ಕೇಳ್ದೆ. ನಂಗೊತ್ತಿಲ್ಲ ಕಣಪ್ಪಾಜಿ ಅಂದ. ಅಂಗೈಲಿ ಲಿಂಗ ಮಡಗಿ ಕಳ್ಸಿದೀನಿ. ನೋಡಕ್ಕೆ ಕಣ್ ಬ್ಯಾಡ್ವೇನಪ್ಪ ಅದ್ಕೆ?”

“ನಿಮ್ಮ ಸೊಸೇನ ಕೇಳಿದ್ರಾ?”

“ಅವ್ಳು ಅಸಿ ಬಾಣ್ತಿ. ಕೂಸ್ ಕಳ್ಕಂಡ್ ಮನಿಕಂಡವ್ಳೆ. ಅವುಳ್ನೇನ್ ಕೇಳೀಯೆ?”

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯಬೇಕು. ಒಂದು ಹೆಜ್ಜೆ ಕಡಿಮೆಯಾಯಿತೆಂದು ಅನ್ನಿಸಿತು. ತಾಯಿಯನ್ನು ಕೇಳಿದ್ದರೆ ಸುದ್ದಿ ಉಳಿಯುತ್ತಿತ್ತೋ ಇಲ್ಲವೋ ಎಂಬ ಅನುಮಾನ ಒಳಗೆಲ್ಲೋ ಇತ್ತು. ಅವಳನ್ನು ಕೇಳದಿರಲು ಅವಳ ಮಾವನೇ ಒಂದು ಕಾರಣ ಕೊಟ್ಟಿದ್ದರು.

ಸಂಜೆ ವರದಿ ಕಳಿಸುವ ಮುಂಚೆ ಮೈಸೂರಿನ ಆ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನಂಬರಿಗೆ ಒಂದು ಸಲ ಕರೆ ಮಾಡಿದೆ. ರಿಂಗಾಗಿ ನಿಂತಿತು. ‘ಆಸ್ಪತ್ರೆಯವರು ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂದು ಸೇರಿಸಿದೆ. ಹೆಸರುಗಳನ್ನು ಬಿಟ್ಟೆ. ಮಗು, ತಾಯಿ ಎಂದರೆ ಹೆಸರು ಬಿಡಬೇಕು ಎಂಬುದು ನಮ್ಮಲ್ಲಿ ನಿಯಮ, ನಾನು ನಿಯಮ ಮೀರಿದವನಲ್ಲ. ಹೆಸರಿನ ಜಾಗದಲ್ಲಿ ‘ತಿ. ನರಸೀಪುರ ತಾಲ್ಲೂಕಿನ ಗ್ರಾಮವೊಂದರ ದಂಪತಿ’ ಎಂದು ಬರೆದು, ವರದಿ ಸಪ್ಪೆಯೆನಿಸಿ, ತಾಂಡ್ಯದವನಿಂದ ತಿಳಿದ ಇನ್ನೊಂದು ವಾಕ್ಯ ಸೇರಿಸಿದೆ: ‘ದಂಪತಿಯ ಏಳು ವರ್ಷದ ಮೊದಲ ಮಗಳಿಗೂ ಹುಟ್ಟಿನಿಂದ ದೃಷ್ಟಿ ಮಂದ.’

ಆ ತಾಲ್ಲೂಕಿನಲ್ಲಿ ಆ ವಾರ ಮಗು ಕಳೆದುಕೊಂಡ, ಕಣ್ಣು ಸರಿಯಾಗಿ ಕಾಣದ ಏಳು ವರ್ಷದ ಹುಡುಗಿಯ ತಾಯಿ ಎಷ್ಟು ಜನ ಇದ್ದಾರು? ಆ ವಾಕ್ಯ ಹೆಸರಿಗಿಂತ ಜೋರಾಗಿ ಕೂಗಿತು. ಪತ್ರಿಕಾ ಕಚೇರಿಯ ಡೆಸ್ಕಿನವರು ಶೀರ್ಷಿಕೆ ಕೊಟ್ಟರು: ‘ಹಸುಗೂಸಿನ ಕಣ್ಣು ಕಿತ್ತರೇ?’ ಆರೋಪಕ್ಕೆ ಜವಾಬ್ದಾರಿ ಬೇಡವಾದಾಗ ನಾವು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಹತ್ತಾರು ಸಲ ನಾನೂ ಹಾಕಿಸಿದ್ದೆ.

ಸುದ್ದಿ ಬಂದದ್ದು ಮಂಗಳವಾರ. ಗುರುವಾರ ಕಾಲೇಜಿನಿಂದ ಕರೆ ಬಂತು. ಕಣ್ಣಿನ ವಿಭಾಗದ ವೈದ್ಯೆಯೊಬ್ಬರು. ಸಿಟ್ಟಿಲ್ಲದ ಧ್ವನಿ. “ನೀವು ಒಂದು ಸಲ ಬಂದು ನೋಡಿ,” ಎಂದಷ್ಟೇ ಹೇಳಿ ಇಟ್ಟರು.

ಮಾರನೆಯ ದಿನ ಮೈಸೂರಿಗೆ ಹೋದೆ. ಅವರ ಪ್ರಯೋಗಾಲಯ ಉದ್ದನೆಯ, ಬೆಳಕು ಕಡಿಮೆಯಿದ್ದ ಕೋಣೆ. ಔಷಧಿಯ ವಾಸನೆಗೆ ಕಣ್ಣು ಉರಿಯಿತು. ವೈದ್ಯೆಗೆ ಐವತ್ತರ ಮೇಲಿರಬಹುದು. ಮೇಜಿನ ಮೇಲೆ ನಮ್ಮ ಪತ್ರಿಕೆ ಮಡಚಿಟ್ಟಿತ್ತು.

“ನಾವು ಪ್ರತಿಕ್ರಿಯೆಗೆ ಸಿಗಲಿಲ್ಲ ಅಂತ ಬರೆದಿದ್ದೀರಿ. ಎಷ್ಟು ಸಲ ಮಾಡಿದ್ರಿ?”

“ಒಂದು ಸಲ.”

“ಎಷ್ಟು ಗಂಟೆಗೆ?”

“ಐದರ ಮೇಲೆ.”

“ಆಗ ಆ ಫೋನಿನ ಹತ್ರ ಯಾರೂ ಇರಲ್ಲ. ನೀವೇ ಆಸ್ಪತ್ರೆ ಸುದ್ದಿ ಬರೆಯೋರು, ಅದು ನಿಮಗೆ ಗೊತ್ತಿರುತ್ತೆ.” ಅಷ್ಟು ಹೇಳಿ ಆ ವಿಷಯ ಬಿಟ್ಟರು. ಮೈಕ್ರೋಸ್ಕೋಪಿನ ಕೆಳಗೆ ಒಂದು ಗಾಜಿನ ಪಟ್ಟಿ ಇಟ್ಟು, “ನೋಡಿ,” ಎಂದರು.

ನಸುನೀಲಿ ಹಿನ್ನೆಲೆಯಲ್ಲಿ ಕಂದು ಬಣ್ಣದ ಎಳೆಗಳು ಕಂಡವು. ಅಡ್ಡಲಾಗಿ ಕೊಯ್ದ ಕಬ್ಬಿನ ತುಂಡಿನ ಮುಖದ ಹಾಗೆ, ಚಿಕ್ಕ ಚಿಕ್ಕ ಕಟ್ಟುಗಳು. ಒಂದೊಂದು ಕಟ್ಟಿನ ಸುತ್ತ ತೆಳುವಾದ ಗೋಡೆ.

“ಕಣ್ಣಿಂದ ಮಿದುಳಿಗೆ ಹೋಗೋ ನರ ಇದು,” ಎಂದರು ಅವರು. “ಜನ ಇದನ್ನ ವೈರ್ ಅಂದುಕೊಳ್ತಾರೆ. ಬರೀ ವೈರ್ ಅಲ್ಲ, ವೈರುಗಳನ್ನ ಹಿಡಿದಿಡೋ ಒಂದು ಕಟ್ಟಡಾನೂ ಇದೆ. ಆ ಕಟ್ಟಡಕ್ಕೆ ಇಟ್ಟಿಗೆ ಅಂದ್ರೆ ಪ್ರೋಟೀನು. ನೀವು ಮನೆ ಕಟ್ಟಿಸಿದ್ದೀರಾ?”

“ಇಲ್ಲ. ಕಟ್ಟೋದನ್ನ ನೋಡಿದ್ದೀನಿ.”

“ಆರ್‌ಸಿಸಿ ಹಾಕೋಕೆ ಮೊದಲು ಸೆಂಟ್ರಿಂಗ್ ಕೊಡ್ತಾರಲ್ಲ, ಹಲಗೆ, ಕಂಬ? ಮಗು ಹೊಟ್ಟೇಲಿರುವಾಗ ಈ ನರದಲ್ಲೂ ಹಾಗೇ. ಮೊದಲ ತಿಂಗಳುಗಳಲ್ಲಿ ಒಂದು ಬಗೆ ಪ್ರೋಟೀನು ಆಧಾರ ಕೊಡುತ್ತೆ, ಮೆತ್ತಗೆ, ಬಗ್ಗೋ ಹಾಗೆ. ಬೆಳೀತಾ ಬೆಳೀತಾ ಅದು ಕಡಿಮೆಯಾಗಿ ಬೇರೆಯದು, ಗಟ್ಟಿಯಾದದ್ದು ಬರುತ್ತೆ. ನರ ಕಣ್ಣಿಂದ ಹೊರಗೆ ಬೀಳೋ ಜಾಗದಲ್ಲಿ ಕೊಲ್ಯಾಜನ್ ಸೇರಿ ಒಂದು ಜರಡಿ ಆಗುತ್ತೆ. ಎಳೆಗಳ ಒಂದೊಂದು ಕಟ್ಟೂ ಅದರ ಒಂದೊಂದು ತೂತಲ್ಲಿ ತೂರಿ ಹೋಗಬೇಕು. ಯಾವುದು ಯಾವಾಗ ಬರುತ್ತೆ, ಯಾವುದು ಬರಬೇಕಾದಾಗ ಬರಲಿಲ್ಲ ಅನ್ನೋದು ಗೊತ್ತಾಗದೆ, ಕೆಲವು ಮಕ್ಕಳಿಗೆ ಈ ನರ ಯಾಕೆ ಸಣಕಲಾಗಿ ಉಳಿಯುತ್ತೆ ಅಂತ ಹೇಳೋಕಾಗಲ್ಲ.”

ಇನ್ನೊಂದು ಪಟ್ಟಿ ಇಟ್ಟರು. ನರದ ಎಳೆ ಬೆಳೆಯುವುದು ಕಣ್ಣಿನಿಂದ ಮಿದುಳಿನ ಕಡೆಗೆ, ಅದರ ಮೇಲಿನ ಕೊಬ್ಬಿನ ಹೊದಿಕೆ ಬರುವುದು ಮಾತ್ರ ಮಿದುಳಿನ ಕಡೆಯಿಂದ ಕಣ್ಣಿನತ್ತ ಎಂದರು. ಮಗು ಹುಟ್ಟುವ ಹೊತ್ತಿಗೆ ಹೊದಿಕೆ ಜರಡಿಯ ಸಮೀಪಕ್ಕೆ ಬಂದಿರುತ್ತದಂತೆ. ಎರಡೂ ಕಣ್ಣಿನ ನರಗಳು ಹಿಂದೆ ಹೋಗಿ ಒಂದೆಡೆ ಕೂಡುತ್ತವೆ ಎಂದಾಗ ನನ್ನ ತಲೆ ಕೂಡಲೇ ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುವುದನ್ನು ತಂದು ಪಕ್ಕದಲ್ಲಿಟ್ಟು, ಒಂದು ಶೀರ್ಷಿಕೆಯನ್ನೂ ಹೊಂದಿಸಿತು. ಆ ಹೊತ್ತಿನಲ್ಲೂ.

“ಇದು ಅದೇ ಮಗುವಿನದಾ?” ಎಂದು ಕೇಳಿದೆ.

“ಯಾರದು ಅಂತ ನನಗೂ ಗೊತ್ತಿರಲ್ಲ. ಪಟ್ಟಿ ಮೇಲೆ ನಂಬರು, ಎಷ್ಟು ವಾರ ಅಂತ, ಅಷ್ಟೇ.” ಅವರು ದೀಪ ಆರಿಸಿದರು. “ನಿಮಗೆ ಬೇಕಾದ ವಿಷಯ ಹೇಳ್ತೀನಿ. ತಂದೆ ತಾಯಿ ಇಬ್ಬರ ಸಹಿ ಇಲ್ಲದೆ ನಾವು ಏನನ್ನೂ ತೊಗೊಳ್ಳಲ್ಲ. ಯಾವತ್ತೂ ತೊಗೊಂಡಿಲ್ಲ. ಯಾರ ಸಹಿ ಅಂತ ತೋರಿಸೋಕಾಗಲ್ಲ.”

“ಹಾಗಂತ ಹಾಕಬಹುದಾ?”

ಅವರು ಗಾಜಿನ ಪಟ್ಟಿಗಳನ್ನು ಪೆಟ್ಟಿಗೆಗೆ ಹಾಕಿದರು. “ಹಾಕಿ ಅಂತ ಹೇಳೋಕೇ ಕರೆಸಿದ್ದು. ನಿಮ್ಮ ಸುದ್ದಿ ಬಂದ ಮೇಲೆ ಒಪ್ಪಿಗೆ ಕೊಟ್ಟಿದ್ದ ಇನ್ನೊಂದು ಮನೆಯವರು ವಾಪಸ್ ತೊಗೊಂಡ್ರು. ಆದ್ರೆ ಹಾಕೋ ಮುಂಚೆ ಆ ತಾಯೀನ ಒಂದು ಮಾತು ಕೇಳಿ. ಮನೇಲಿ ಏನು ಹೇಳಿದ್ದಾರೋ, ಏನು ಹೇಳಿಲ್ಲವೋ, ನನಗೆ ಗೊತ್ತಿಲ್ಲ.”

“ಕೇಳ್ತೀನಿ,” ಎಂದೆ.

ಕೇಳಲಿಲ್ಲ. ಮೈಸೂರಿನಿಂದ ವಾಪಸ್ ಬರುವ ಬಸ್ಸಿನಲ್ಲೇ ತಿದ್ದುಪಡಿಯನ್ನು ಮೊಬೈಲಿನಲ್ಲಿ ಬರೆದು ಕಳಿಸಿದೆ. ತಪ್ಪಾಗಿದ್ದರೆ ತಡಮಾಡದೆ ತಿದ್ದಬೇಕು, ಅದು ನಾನು ಕಲಿತ ಶಿಸ್ತು. ಅನೇಕರು ತಿದ್ದುವುದೇ ಇಲ್ಲ, ನಾನು ಒಂದೇ ದಿನದಲ್ಲಿ ತಿದ್ದಿದೆ ಎಂದು ಒಳಗೊಳಗೇ ಹೆಮ್ಮೆಯಿತ್ತು. ಶನಿವಾರದ ಪತ್ರಿಕೆಯಲ್ಲಿ ಬಂತು: ‘ಮಂಗಳವಾರದ ಸಂಚಿಕೆಯಲ್ಲಿ ಪ್ರಕಟವಾದ ಸುದ್ದಿಗೆ ಸಂಬಂಧಿಸಿದಂತೆ, ವೈದ್ಯಕೀಯ ಅಧ್ಯಯನಕ್ಕಾಗಿ ಮಗುವಿನ ಕಣ್ಣುಗಳನ್ನು ಪಡೆಯುವ ಮುನ್ನ ತಂದೆ ಮತ್ತು ತಾಯಿ ಇಬ್ಬರ ಲಿಖಿತ ಒಪ್ಪಿಗೆಯನ್ನೂ ಪಡೆಯಲಾಗುತ್ತದೆ ಎಂದು ಕಾಲೇಜು ಸ್ಪಷ್ಟಪಡಿಸಿದೆ. ತಪ್ಪು ಗ್ರಹಿಕೆಗೆ ವಿಷಾದಿಸುತ್ತೇವೆ.’

ಬುಧವಾರ ತಾಂಡ್ಯದವನು ಹೋಟೆಲಿಗೆ ಬಂದ. ಎಂದಿನಂತೆ ಕೂರಲಿಲ್ಲ. ನಿಂತೇ ಮಾತಾಡಿದ.

“ಏನ್ಸಾ ಇಂಗ್ ಮಾಡ್ಬುಟ್ರಿ? ಅಪ್ಪ ಅವ್ವ ಇಬ್ರೂ ಸೈನ್ ಮಾಡವ್ರೆ ಅಂತ ನೀವೇ ಆಕಿದೀರಲ್ಲ.”

“ಅದು ನಿಜ ಅಲ್ವಾ?”

“ನಿಜಾನೇ. ನಿಜ ಆಗಿದ್ಕೇ ತಾನೆ ಮನೆ ಒಡ್ದಿದ್ದು!” ಸುತ್ತಲಿನವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. “ಮೊದಲ್ನೇ ಸುದ್ದಿ ಬಂದಾಗ ಊರೋರೆಲ್ಲ ಆಸ್ಪತ್ರೆಯೋರ್ನ ಬಯ್ತಿದ್ರು. ಯಜಮಾನ್ರು ಸೊಸೆ ತಲೆ ಸವ್ರಿ, ನೀನ್ ಮಂಪರಲ್ಲಿದ್ದೆ, ನಿಂದೇನ್ ತಪ್ಪವ್ವ ಅಂತಿದ್ರು. ಸನಿವಾರ ಟೀ ಅಂಗ್ಡೀಲಿ ಯಾವನೋ ಪೇಪರ್ ಓದ್ದ, ಜೋರಾಗಿ. ಯಜಮಾನ್ರು ಅಲ್ಲೇ ಕುಂತಿದ್ರು. ಮನೆಗೋಗಿ ಮಗನ್ನ ಕೇಳುದ್ರೆ, ಅವ್ಳೇ ಯೇಳಿದ್ದು, ನಾನ್ ಸೈನ್ ಆಕ್ದೆ ಅಷ್ಟೆ ಅಂದ. ಯಜಮಾನ್ರು ಬೆನ್ ತಿರುಗ್ಸಿ ಕುಂತ್ಕಂಡ್ರಂತೆ. ಅವತ್ತೇ ಅತ್ತೆ ಸೀರೆ ಗಂಟ್ ಕಟ್ಟಿ ಕೈಗ್ ಕೊಟ್ಲು. ಅಸಿಮೈಲಿ ತವರ್ಗೋದ್ಲು ಸಾ ಅವ್ಳು. ದೊಡ್ ಮಗೀನ ಇವ್ರೇ ಮಡಿಕಂಡವ್ರೆ. ಒಂದುನ್ ಕಣ್ ಕೊಟ್ಟೋಳು ಇದ್ನೇನ್ ಮಾಡಾಳೋ ಅಂತ.”

ಹೋಗುವಾಗ, “ನಿಮ್ಗೆ ಬಾಯ್ಬುಟ್ಟ ನನ್ಗೆ ಎಕ್ಕಡ ತಕಂಡ್ ಹೊಡ್ಕಬೇಕು,” ಎಂದ. ಆಮೇಲೆ ಎಷ್ಟೋ ದಿನ ಅವನು ಆ ಹೋಟೆಲಿಗೆ ಬರಲಿಲ್ಲ.

ತವರು ನಂಜನಗೂಡಿಗೆ ಹತ್ತಿರ, ಕಳಲೆಯ ಆಚೆಗಿನ ಒಂದು ಹಳ್ಳಿ. ಎರಡು ದಿನ ಮುಂದೂಡಿದೆ. ಕೆಲಸದ ನೆಪಗಳಿಗೆ ನನ್ನಂಥವನಿಗೆ ಬರವಿಲ್ಲ. ಮೂರನೆಯ ದಿನ ಬೈಕ್ ತೆಗೆದೆ.

ಅವಳ ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಾರೆಂದು ಹೇಳಿಕೊಂಡಾಗ ಮೊರ ಪಕ್ಕಕ್ಕಿಟ್ಟರು.

“ಪೇಪರ್ನೋರಾ? ಇನ್ನೇನ್ ಉಳ್ದದೆ ಬರ್ಯಕ್ಕೆ?”

ಒಳಗಿನಿಂದ, “ಬರ್ಲಿ ಬುಡವ್ವ,” ಎಂಬ ದನಿ ಬಂತು. ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಹತ್ತಿರ ಬಂದು ಗೋಡೆಗೊರಗಿ ಕೂತಳು. ಮೂವತ್ತು ದಾಟಿರಲಿಲ್ಲ. ನಾನು ಜಗಲಿಯ ಅಂಚಿನಲ್ಲಿ ಕೂತೆ.

“ಎರಡ್ ಸಲ ನನ್ ಸುದ್ದಿ ಬರುದ್ರಿ ಸಾ. ಒಂದ್ ಸಲನೂ ನನ್ ಕೇಳ್ನಿಲ್ಲ. ಈಗ ಕೇಳಕ್ ಬಂದ್ರಾ?”

ತಪ್ಪಾಯಿತು ಎಂದೆ. ಆ ಮಾತು ಅವಳ ಮುಖವನ್ನು ಮುಟ್ಟಲಿಲ್ಲ.

“ನನ್ ಮಗ್ಳು ಉಟ್ದಾಗ ಕಣ್ಣು ಅತ್ತಿತ್ತ ಓಡಾಡ್ತಿದ್ವು, ನಿಲ್ತಾನೇ ಇರ್ನಿಲ್ಲ. ಬಸ್ರೀಲಿ ಗ್ರಾಣ ಇಡ್ದಾಗ ಈಳಿಗೆಮಣೆ ಮುಟ್ಟವ್ಳೆ, ಅದ್ಕೇ ಇಂಗಾಯ್ತು ಅಂತ ಅತ್ತೆ ಯೇಳುದ್ರು. ಮುಟ್ಟೇ ಇರ್ನಿಲ್ಲ ನಾನು. ಏಳ್ ವರ್ಸ ಅದುನ್ನೇ ಕೇಳಿದೀನಿ, ಮದ್ವೆ ಮನೇಲಿ, ನೀರ್ ತರೋ ಜಾಗ್ದಲ್ಲಿ, ಎಲ್ಲಾ ಕಡೆ. ಆಸ್ಪತ್ರೇಲಿ ಕೇಳುದ್ರೆ, ನರ ಸರ್ಯಾಗ್ ಬೆಳೆದಿಲ್ಲ ಕಣಮ್ಮ, ಯಾಕೆ ಅಂತ ನಮ್ಗೂ ಪೂರ್ತಿ ಗೊತ್ತಿಲ್ಲ ಅಂದ್ರು. ಈ ಕೂಸು ಓದಾಗ ಡಾಕ್ಟ್ರಮ್ಮ ಬಂದು ಕುಂತ್ಕಂಡು ಕೇಳುದ್ರು. ಬ್ಯಾಡ ಅಂದ್ರೂ ಸರಿ ಅಂದ್ರು. ನಾನೇ ಕೇಳ್ದೆ, ಇದ್ನ ನೋಡುದ್ರೆ ಯಾಕೆ ಅಂತ ಗೊತ್ತಾಯ್ತದಾ ಅಂತ. ಇದೊಂದ್ರಿಂದ ಗೊತ್ತಾಗಲ್ಲ, ಇಂತವು ಸುಮಾರ್ ಸೇರುದ್ರೆ ಗೊತ್ತಾಗ್ಬೌದು ಅಂದ್ರು. ಅಂಗಾದ್ರೆ ನಂದೂ ಸೇರ್ಲಿ ಅಂದೆ.”

“ಮಾವನಿಗೆ...”

“ಯೇಳ್ತಿದ್ದೆ ಸಾ. ನಾನೇ ಯೇಳ್ತಿದ್ದೆ.” ಮೊದಲ ಸಲ ಅವಳ ದನಿ ಕದಲಿತು. “ಅವ್ರು ಸ್ವಾಮಾರ ಸ್ವಾಮಾರ ಕೂಸಿನ್ ಮಣ್ ತಾವ್ಕೆ ಓಯ್ತಾರೆ, ಪತ್ರೆ ಮಡಗಕ್ಕೆ. ಎದ್ದು ನಡಿಯಂಗಾಗ್ಲಿ, ಮುಂದಿನ್ ಸ್ವಾಮಾರ ಜೊತೇಲಿ ಓಗಿ ಅಲ್ಲೇ ಯೇಳ್ಬೇಕು ಅಂತಿದ್ದೆ. ಬಯ್ತಿದ್ರು, ಅಳ್ತಿದ್ರು. ಆದ್ರೂ ನನ್ ಬಾಯಲ್ಲಿ ಕೇಳ್ತಿದ್ರು. ನೀವು ಸನಿವಾರ ಆಕುದ್ರಿ.”

ಸೋಮವಾರಕ್ಕೂ ಶನಿವಾರಕ್ಕೂ ಎರಡು ದಿನ.

ಸುಮ್ಮನಿರಲಾರದೆ, “ನಿಮ್ಮ ಕಡೆಯಿಂದ ಒಂದು ಸುದ್ದಿ ಮಾಡ್ತೀನಿ, ನೀವು ಯಾಕೆ ಕೊಟ್ರಿ ಅಂತ...” ಎಂದೆ.

ತಾಯಿ ನಕ್ಕುಬಿಟ್ಟರು. “ನೋಡ್ದ ಮಗ್ಳೆ, ಇನ್ನೂ ಬರೀತನಂತೆ!”

“ಬರೀಬ್ಯಾಡಿ,” ಎಂದಳು ಅವಳು. “ನೀವು ಅದುನ್ನ ನೋಡಿದ್ರಾ, ಆ ನರಾನ?”

“ಗಾಜಿನ ಮೇಲೆ ನೋಡಿದೆ.”

“ಎಂಗದೆ?”

ಹೇಳಿದೆ. ಕಬ್ಬಿನ ತುಂಡು, ಕಟ್ಟುಗಳು, ಸೆಂಟ್ರಿಂಗ್, ಜರಡಿ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ಇದುನ್ನ ನಮ್ ಮಾವನ್ಗೆ ಓಗಿ ಯೇಳಿ,” ಎಂದಳು. “ಬಾಯಲ್ಲಿ. ನನ್ ಪರವಾಗಿ ಏನೂ ಯೇಳ್ಬ್ಯಾಡಿ. ನೀವ್ ನೋಡಿದ್ದಷ್ಟು ಯೇಳಿ. ನನ್ ಮಗೀಗೆ ಅತ್ರ ಇದ್ರೆ ಮಾತ್ರ ಕಾಣೋದು ಸಾ. ಮೊಕ ತಂದು ಮೊಕಕ್ಕೆ ಅಂಟ್ಸುದ್ರೆ, ಅವ್ವ ಅಂತ ಗೊತ್ತಾಯ್ತದೆ. ಅಲ್ಲಿ ಯಾರು ಅಷ್ಟ್ ಅತ್ರ ಓಗ್ತಾರೆ?”

ಭಾನುವಾರ ನರಸೀಪುರದ ಹಾದಿ ಹಿಡಿದೆ. ಹಳ್ಳಿ ತಲುಪಿದಾಗ ಇನ್ನೂ ಎಳೆಬಿಸಿಲು. ಹಿರಿಯರು ಸ್ನಾನ ಮುಗಿಸಿ ನಡುಮನೆಯಲ್ಲಿ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೇ ನೆಟ್ಟ ನೋಟ. ಪಕ್ಕದಲ್ಲಿ ಮೊಮ್ಮಗಳು ತನ್ನ ಲಿಂಗವನ್ನು ಅಂಗೈಯಲ್ಲಿಟ್ಟು, ಕಣ್ಣಿನ ರೆಪ್ಪೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ಮೂಗಿನ ತುದಿಗೆ ವಿಭೂತಿ ಅಂಟಿತ್ತು. ನಾನು ಹೊರಗೆ ಕಾದೆ.

ಹೊರಬಂದವರು ಗುರುತು ಕೇಳಿ ಕೂರಲೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಿಂತುಕೊಂಡೇ ಶುರುಮಾಡಿದೆ. ಅವಳಿಗೆ ಹೇಳಿದ್ದನ್ನೇ ಹೇಳಿದೆ. ಹೇಳುತ್ತ ಹೋದಂತೆ ನನ್ನ ಮಾತು ಪಾಠದ ಹಾಗೆ ಕೇಳುತ್ತಿತ್ತು. ಮೊಮ್ಮಗಳು ಬಾಗಿಲ ಕಂಬ ಹಿಡಿದು ನನ್ನ ದನಿ ಬರುವ ಕಡೆಗೆ ಮುಖ ತಿರುಗಿಸಿ ನಿಂತಿದ್ದಳು. ನರದ ಎಳೆ ಕಣ್ಣಿನಿಂದ ಹೊರಡುತ್ತದೆ, ಹೊದಿಕೆ ಆ ಕಡೆಯಿಂದ ಎದುರು ಬರುತ್ತದೆ ಎಂದಾಗ ಹಿರಿಯರು ಕೈಯೆತ್ತಿ ನಿಲ್ಲಿಸಿದರು.

“ನೀನ್ ನೋಡಿದ್ದು ನಮ್ ಕೂಸುಂದೇಯಾ?”

ಹೌದು ಎಂದುಬಿಡಬಹುದಿತ್ತು. ಅವರಿಗೆ ಅದು ಬೇಕಾಗಿತ್ತೆಂದು ನನಗೆ ಕಂಡಿತು. ಅವಳಿಗೂ ಅದರಿಂದ ಒಳ್ಳೆಯದಾಗುತ್ತಿತ್ತೇನೋ.

“ಗೊತ್ತಿಲ್ಲ ಯಜಮಾನ್ರೆ. ಗಾಜಿನ ಮೇಲೆ ಹೆಸರಿರಲ್ಲ. ಡಾಕ್ಟ್ರಿಗೂ ಗೊತ್ತಿರಲ್ಲ.”

“ಊಂ.” ಟವೆಲಿನಿಂದ ಹಣೆ ಒರೆಸಿಕೊಂಡರು. “ಗೊತ್ತಿಲ್ಲ ಅನ್ನಕ್ಕೂ ಬತ್ತದಲ್ಲ ನಿನ್ಗೆ. ಈ ಮಾತ ಮೊದ್ಲೇ ಅಂದಿದ್ರೆ ಆಗಿತ್ತು.”

ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದುವರಿಸಿದರು. “ಕಣ್ ಓದ್ವು ಅಂತ ನಂಗೆ ಸಂಕ್ಟ. ಇಲ್ಲ ಅನ್ನಲ್ಲ. ಆದ್ರೆ ಅದೊಂದೇ ಅಲ್ಲ ಕಣಪ್ಪ. ನನ್ನ ಸೊಸೆ ಈ ಮನೆಗ್ ಬಂದು ಒಂಬತ್ ವರ್ಸ ಆಯ್ತು. ಅಪ್ಪಾಜಿ, ಇಂಗಾಯ್ತು ಅಂತ ನಂಗೆ ಯೇಳ್ದೆ ಏನೂ ಮಾಡ್ದವ್ಳಲ್ಲ. ಮನೆ ಸುದ್ದೀನ ಟೀ ಅಂಗ್ಡೀಲಿ ಕೇಳ್ದೆ ನಾನು. ಪಕ್ಕದಲ್ ಕುಂತೋನು ನನ್ ಮೊಕ ನೋಡ್ದ. ಅವ್ಳು ಇನ್ನೂ ಯಾಕ್ ಯೇಳ್ನಿಲ್ಲ? ನಾನ್ ಅಷ್ಟ್ ಕೆಟ್ಟೋನಾ?”

ಸೋಮವಾರದ ವಿಷಯ ನನ್ನ ಬಾಯಿಗೆ ಬಂತು. ಆದರೆ ‘ನನ್ನ ಪರವಾಗಿ ಏನೂ ಹೇಳಬೇಡಿ’ ಎಂದಿದ್ದಳು ಅವಳು. ಅವಳು ಕಾಯ್ದುಕೊಂಡಿದ್ದ ಮಾತನ್ನು ಒಂದು ಸಲ ನಾನು ಅವಳಿಗಿಂತ ಮೊದಲು ಆಡಿಬಿಟ್ಟಿದ್ದೆ. ಇನ್ನೊಂದು ಸಲ ಆಡಲು ನಾಲಗೆ ಏಳಲಿಲ್ಲ.

“ಅದನ್ನ ಅವರನ್ನೇ ಕೇಳಿ ಯಜಮಾನ್ರೆ,” ಎಂದೆ. “ನಾನು ಕೇಳಲಿಲ್ಲ. ಎರಡು ಸಲವೂ ಕೇಳಲಿಲ್ಲ. ಅದೇ ನನ್ನ ತಪ್ಪು.”

ಮೊಮ್ಮಗಳು ಕಂಬ ಬಿಟ್ಟು ಬಂದು ತಾತನ ಪಂಚೆ ಹಿಡಿದು, “ತಾತ, ಇವ್ರು ಅವ್ವನ್ನ ನೋಡ್ಕಂಬಂದವ್ರಾ?” ಎಂದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ, “ನೀನ್ ಇನ್ನು ಓಗಪ್ಪ,” ಎಂದರು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ನಂಜನಗೂಡು ಬಸ್ ನಿಲ್ದಾಣದಲ್ಲಿ, ಎದುರಿನ ಹೋಟೆಲಿಗೆ ದಾಟುವಾಗ, ಹಿಂದಿನಿಂದ ಯಾರೋ ಕೇಳಿದರು: “ಕಳಲೆ ಬಸ್ ಎಲ್ ನಿಲ್ತದಪ್ಪ?”

ತಿರುಗಿದೆ. ಒಗೆದ ಬಿಳಿ ಪಂಚೆ, ಭುಜದ ಮೇಲೆ ಟವೆಲು, ಕಂಕುಳಲ್ಲಿ ಬಟ್ಟೆಯ ಚೀಲ. ಇನ್ನೊಂದು ಕೈಯಲ್ಲಿ ಮೊಮ್ಮಗಳು. ನನ್ನ ಮುಖ ಕಂಡು ಅವರ ಹುಬ್ಬು ಗಂಟಾಯಿತು.

“ಓ, ನೀನಾ.” ನನ್ನ ಜೇಬಿನ ಪೆನ್ನಿನ ಮೇಲೆ ಅವರ ಕಣ್ಣು ಹೋಯಿತು. “ಇದುನ್ನ ಬರ್ಕಬ್ಯಾಡ.”

“ಇಲ್ಲ,” ಎಂದು, ಬಸ್ಸು ನಿಲ್ಲುವ ಕಡೆಗೆ ಕೈ ತೋರಿಸಿದೆ. ಬಸ್ಸು ಅಲ್ಲೇ ನಿಂತಿತ್ತು.

“ಅದೇ ಬಸ್ಸು,” ಎಂದೆ ಹುಡುಗಿಗೆ. “ಕಳಲೆ ಅಂತ ಬರೆದಿದೆ.”

“ನಾನೇ ಓದ್ತೀನಿ,” ಎಂದಳು.

ಬಸ್ಸಿನ ಬೋರ್ಡು ಅವಳ ತಲೆಗಿಂತ ಬಹಳ ಮೇಲಿತ್ತು. ಹಿರಿಯರು ಚೀಲವನ್ನು ನೆಲಕ್ಕಿಟ್ಟು, ಬಸ್ಸಿನ ಮುಂದೆ ಹೋಗಿ ಅವಳನ್ನು ಎತ್ತಿ ಹಿಡಿದರು. ಏಳು ವರ್ಷದ ಮಗು, ಅವರ ತೋಳು ನಡುಗುತ್ತಿತ್ತು. ಅವಳು ಮೂಗನ್ನು ಬೋರ್ಡಿಗೆ ಹಚ್ಚಿ, ಎಡದಿಂದ ಬಲಕ್ಕೆ ಮುಖವನ್ನೇ ಸರಿಸುತ್ತ, “ಕ... ಳ...” ಎಂದು ಶುರುಮಾಡಿದಳು. ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಕಿಟಕಿಯಿಂದ ಬಗ್ಗಿ, “ಏ ಯಜಮಾನ್ರೆ, ಮಗೀಗೆ ಇಸ್ಕೂಲು ಇಲ್ಲೇ ಮಾಡ್ತಿದೀರಾ? ಹತ್ತಿ!” ಎಂದು ಕೂಗಿದ.

“ಇರಪ್ಪ,” ಎಂದರು ಅವರು. “ಇನ್ನೊಂದಕ್ಸರ ಅದೆ.”

ಇಬ್ಬರೂ ಹತ್ತಿದ ಮೇಲೆ ಅವರ ಚೀಲವನ್ನು ಎತ್ತಿ ಬಸ್ಸಿನೊಳಗೆ ಕೊಟ್ಟೆ. ಅವರು ತೆಗೆದುಕೊಂಡರು.

ತವರು ಮನೆಯ ಜಗಲಿಯಲ್ಲಿ ಅವತ್ತು ಯಾರು ಯಾರಿಗೆ ಏನು ಹೇಳಿದರೋ ನನಗೆ ತಿಳಿಯದು. ವಿಚಾರಿಸಿ ತಿಳಿಯುವುದು ನನಗೆ ಕಷ್ಟವಿರಲಿಲ್ಲ. ಬಹಳ ದಿನದ ಮೇಲೆ ತಾಂಡ್ಯದವನು ಒಮ್ಮೆ ಎದುರು ಸಿಕ್ಕಿ, ನಾನು ಕೇಳದಿದ್ದರೂ, “ಬಂದವ್ಳೆ ಸಾ. ಮೂರ್ ಜನ್ವೂ ಒಂದೇ ಬಸ್ಸಲ್ಲಿ ಬಂದ್ರು. ಸ್ವಾಮಾರ ಮಾವನ್ ಜೊತೆ ಹೊಲ್ತಕ್ ಓಯ್ತಾಳೆ,” ಎಂದ. ನಿಂತು ನನ್ನ ಮುಖ ನೋಡಿ, “ಇದುನ್ನೇನಾರ ಆಕ್ಬುಟ್ಟೀರಿ ಮತ್ತೆ,” ಎಂದು ಸೇರಿಸಿ ನಡೆದುಬಿಟ್ಟ.

ಕಾಲೇಜಿನ ವೈದ್ಯೆಗೆ ಆ ವರ್ಷ ಒಂದು ಸಲ ಫೋನ್ ಮಾಡಿದ್ದೆ, ಮಧ್ಯಾಹ್ನ, ಅವರು ಸಿಗುವ ಹೊತ್ತಿಗೆ. ನಿಮ್ಮ ಅಧ್ಯಯನ ಹೇಗೆ ನಡೆಯುತ್ತಿದೆ ಎಂದು ಕೇಳಿದೆ. ನಿಮ್ಮ ಸುದ್ದಿ ಬಂದ ಮೇಲೆ ಯಾರೂ ಕೊಟ್ಟಿಲ್ಲ ಎಂದರು. ಬೈಗುಳವಿರಲಿಲ್ಲ ಆ ದನಿಯಲ್ಲಿ, ಇವತ್ತು ಮಳೆ ಬಂದಿಲ್ಲ ಎಂದ ಹಾಗಿತ್ತು. ಒಂದರಿಂದ ಗೊತ್ತಾಗದು, ಸುಮಾರು ಸೇರಿದರೆ ಗೊತ್ತಾಗಬಹುದು ಎಂಬ ಮಾತನ್ನು ನಂಬಿ ಒಬ್ಬಳು ತನ್ನದನ್ನು ಕೊಟ್ಟಿದ್ದಳು. ಅದರ ಪಕ್ಕಕ್ಕೆ ಬಂದು ಸೇರಬೇಕಾಗಿದ್ದವು ನನ್ನಿಂದಾಗಿ ಬರಲಿಲ್ಲ. ಅದಕ್ಕೆ ಯಾವ ಪುಟದಲ್ಲಿ ಎಷ್ಟು ಸಾಲಿನ ತಿದ್ದುಪಡಿ ಹಾಕಬೇಕೆಂದು ನನಗೆ ಇನ್ನೂ ತಿಳಿದಿಲ್ಲ.